ಎಪ್ಪತ್ತೆರಡರಲ್ಲೊಂದು ಪಾಲು

1950ರ ದಶಕದ ಮಾದರಿ ವಿಮಾನದ ಕಿಟ್ಟೊಂದನ್ನು ಇವತ್ತು ಬಿಚ್ಚಿ ಹರಡಿದರೆ ರೆಕ್ಕೆಗಳಿವೆ, ಒಡಲಿನ ಎರಡು ಹೋಳುಗಳಿವೆ, ಬಾಲ, ಗಾಲಿ, ಪ್ರೊಪೆಲ್ಲರ್ ಎಲ್ಲವೂ ಇವೆ. ಪೈಲಟ್ ಕೂರುವ ಜಾಗದಲ್ಲಿ ಮಾತ್ರ ಬರೀ ಟೊಳ್ಳು. ಹೆಚ್ಚೆಂದರೆ ಈ ಗೋಡೆಯಿಂದ ಆ ಗೋಡೆಗೆ ಒಂದು ಅಟ್ಟಣೆ, ಅದರ ಮೇಲೆ ಕೂರಿಸಲು ಕಣ್ಣುಮೂಗು ಸರಿಯಾಗಿ ಮೂಡದ ಒಬ್ಬ ಪುಟ್ಟ ಮನುಷ್ಯ. ಆ ಟೊಳ್ಳನ್ನು ಕೈಯಾರೆ ತುಂಬುವ ಕೆಲಸದಲ್ಲಿ ಎಷ್ಟು ವಿಜ್ಞಾನ ಅಡಗಿದೆ ಎಂಬುದು ಈ ಅಧ್ಯಾಯದ ವಿಷಯ. ನಾನು ಹಿಡಿದ ಉದಾಹರಣೆ ಏರ್‌ಫಿಕ್ಸ್ ಕಂಪನಿಯ ಸ್ಪಿಟ್‌ಫೈರ್, ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನದ ಮಾದರಿ.

ಏರ್‌ಫಿಕ್ಸ್ ಹುಟ್ಟಿದ್ದು 1939ರಲ್ಲಿ. ಹಂಗೇರಿ ಮೂಲದ ನಿಕೊಲಸ್ ಕೋವ್ ಅದನ್ನು ಬ್ರಿಟನ್ನಿನಲ್ಲಿ ಕಟ್ಟಿದ್ದು ಗಾಳಿ ತುಂಬುವ ರಬ್ಬರ್ ಆಟಿಕೆಗಳಿಗಾಗಿ. ಯುದ್ಧ ಮುಗಿದ ಮೇಲೆ ಕಂಪನಿ ಪ್ಲಾಸ್ಟಿಕ್ ಬಾಚಣಿಗೆಗಳತ್ತ ತಿರುಗಿತು. ಕರಗಿದ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿಗೆ ಒತ್ತಿ ತುಂಬುವ ಯಂತ್ರ ಅದರ ಕೈಗೆ ಬಂದದ್ದು ಆ ದಿನಗಳಲ್ಲಿ. 1950ರ ದಶಕದಲ್ಲಿ ಅದೇ ಯಂತ್ರದಿಂದ ಇಂಗ್ಲಿಷ್ ನಾವಿಕ ಫ್ರಾನ್ಸಿಸ್ ಡ್ರೇಕ್‌ನ ಗೋಲ್ಡನ್ ಹೈಂಡ್ ಹಡಗಿನ ಕಿಟ್ ಬಂತು, ಅದರ ಬೆನ್ನಲ್ಲೇ ಸ್ಪಿಟ್‌ಫೈರ್ ಬಂತು. ವೂಲ್‌ವರ್ತ್ ಅಂಗಡಿಗಳಲ್ಲಿ ಎರಡು ಶಿಲ್ಲಿಂಗಿಗೆ ಮಾರಬೇಕಾಗಿದ್ದರಿಂದ ಪೆಟ್ಟಿಗೆಯ ಖರ್ಚು ಬಿಟ್ಟು ಪಾರದರ್ಶಕ ಚೀಲದಲ್ಲಿ ತುಂಬಿ, ಬಾಯಿಗೆ ಅಚ್ಚು ಹಾಕಿದ ಕಾಗದ ಮಡಿಸಿ ಹೊಡೆದರು. ಯುದ್ಧದ ದಿನಗಳಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ಕಾದಾಡಿದ್ದ ವಿಮಾನ ಹುಡುಗರ ಜೇಬಿನ ಪುಡಿಕಾಸಿಗೆ ದಕ್ಕಿತು. 1960ರಲ್ಲಿ ಅದೇ ಕಂಪನಿ ಸ್ಪಿಟ್‌ಫೈರ್ ಮಾರ್ಕ್ 9 ಎಂಬ ನಂತರದ ರೂಪದ ಕಿಟ್ ತಂದಿತು. ನನ್ನ ಮೇಜಿನ ಮೇಲಿರುವುದು ಆ ಅಚ್ಚಿನದು.

ಅಳತೆ 72ರಲ್ಲಿ 1. ವಿಚಿತ್ರವಾಗಿ ಕಾಣುವ ಈ ಸಂಖ್ಯೆಯ ಹಿಂದೆ ಸರಳ ಲೆಕ್ಕವಿದೆ. ಆರಡಿ ಎಂದರೆ 72 ಇಂಚು. ಆರಡಿ ಎತ್ತರದ ಮನುಷ್ಯ ಈ ಅಳತೆಯಲ್ಲಿ ಸರಿಯಾಗಿ ಒಂದು ಇಂಚಾಗುತ್ತಾನೆ. 1932ರಲ್ಲಿ ಸ್ಕೈಬರ್ಡ್ಸ್ ಎಂಬ ಮರದ ಕಿಟ್‌ಗಳು ಈ ಅಳತೆಯನ್ನು ರೂಢಿಗೆ ತಂದವು. 1936ರಲ್ಲಿ ಫ್ರಾಗ್ ಕಂಪನಿಯ ಪೆಂಗ್ವಿನ್ ಸರಣಿ ಅದನ್ನೇ ಪ್ಲಾಸ್ಟಿಕ್‌ಗೆ ಇಳಿಸಿತು. ಆದರೆ ಅದು ಸೆಲ್ಯುಲೋಸ್ ಅಸಿಟೇಟ್. ವರ್ಷ ಕಳೆದಂತೆ ಸೊಟ್ಟಗಾಗುವ ವಸ್ತು. ಯುದ್ಧಕಾಲದಲ್ಲಿ ಶತ್ರು ಯಾರು, ಮಿತ್ರ ಯಾರು ಎಂದು ವಿಮಾನಗಳ ಗುರುತು ಕಲಿಸಲು ಮಾಡಿದ ಕಪ್ಪು ಮಾದರಿಗಳಿಗೂ ಇದೇ ಅಳತೆ. ಹತ್ತು ಮೀಟರ್ ದೂರದಲ್ಲಿ ತೂಗುಬಿಟ್ಟ ಮಾದರಿ 720 ಮೀಟರ್ ದೂರದ ವಿಮಾನದಷ್ಟೇ ಕಾಣುತ್ತದೆ.

ಸ್ಪಿಟ್‌ಫೈರ್‌ನ ರೆಕ್ಕೆಯ ತುದಿಯಿಂದ ತುದಿಗೆ 11.23 ಮೀಟರ್. ಮಾದರಿಯಲ್ಲಿ ಅದು 15.6 ಸೆಂಟಿಮೀಟರ್. ಉದ್ದ, ಅಗಲ, ಎತ್ತರ ಹೀಗೆ ಕೇಳಿದ ತಕ್ಷಣ ಕುಗ್ಗುತ್ತವೆ. ಉಳಿದ ಬಹಳಷ್ಟು ಸಂಗತಿಗಳು ಕುಗ್ಗಲು ಒಪ್ಪುವುದಿಲ್ಲ. ಮಾದರಿ ಕಟ್ಟುವವನ ಕಷ್ಟಸುಖವೆಲ್ಲ ಇರುವುದು ಅಲ್ಲಿ.

ಮೊದಲನೆಯದು ದಪ್ಪ. ನಿಜವಾದ ಸ್ಪಿಟ್‌ಫೈರ್‌ನ ಅಲ್ಯೂಮಿನಿಯಂ ಚರ್ಮ ಬಹುಪಾಲು ಕಡೆ ಒಂದು ಮಿಲಿಮೀಟರ್ ಆಸುಪಾಸಿನದು. ಅದನ್ನು 72ರಿಂದ ಭಾಗಿಸಿದರೆ 0.014 ಮಿ.ಮೀ. ಅಡುಗೆಮನೆಯಲ್ಲಿ ಚಪಾತಿ ಸುತ್ತಿಡುವ ಅಲ್ಯೂಮಿನಿಯಂ ಹಾಳೆಯ ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ಕಿಟ್‌ನ ಒಡಲಿನ ಗೋಡೆಯಾದರೋ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು; ಎಂದರೆ ನಿಜ ಗಾತ್ರದಲ್ಲಿ ಏಳೆಂಟು ಸೆಂಟಿಮೀಟರ್ ದಪ್ಪದ ಗೋಡೆ. ಎರಡೂ ಬದಿ ಸೇರಿದರೆ ಪೈಲಟ್‌ನ ಕೋಣೆಯ ಅಗಲದಲ್ಲಿ ಹದಿನೈದು ಸೆಂಟಿಮೀಟರಿಗೂ ಹೆಚ್ಚು ಜಾಗ ಹೋಯಿತು. ಮೊದಲೇ ಇಕ್ಕಟ್ಟಾದ ಕಾಕ್‌ಪಿಟ್ ಅದು. ಸರಿಯಾದ ಅಳತೆಗೆ ಮಾಡಿದ ಸೀಟು ಒಳಗೆ ಇಳಿಯುವುದೇ ಇಲ್ಲ. ಹಾಗಾಗಿ ಕೆಲಸದ ಮೊದಲ ಹೆಜ್ಜೆ ಕೂಡಿಸುವುದಲ್ಲ, ಕಳೆಯುವುದು: ದುಂಡುತುದಿಯ ಚಾಕು, ಉಜ್ಜುಕಾಗದ ಹಿಡಿದು ಗೋಡೆಯನ್ನು ಒಳಗಿನಿಂದ ಕೆರೆಯುವುದು. ದೀಪಕ್ಕೆ ಹಿಡಿದಾಗ ಬೆಳಕು ಹಾದುಬರುವಷ್ಟು ತೆಳ್ಳಗಾದರೆ ಸಾಕು. ಬಾಗಿಲು ಮತ್ತು ಕಾಕ್‌ಪಿಟ್‌ನ ಅಂಚು ಕಣ್ಣಿಗೆ ಕಾಣುವ ಜಾಗಗಳಾದ್ದರಿಂದ ಅಲ್ಲಿ ಇನ್ನಷ್ಟು ಓರೆಯಾಗಿ ಕೆರೆಯಬೇಕು. ಅಂಚು ತೆಳ್ಳಗಿದ್ದರೆ ಇಡೀ ಗೋಡೆ ತೆಳ್ಳಗಿದೆ ಎಂದು ಕಣ್ಣು ನಂಬುತ್ತದೆ.

ಆ ದಪ್ಪ ಕಿಟ್ ಮಾಡಿದವರ ಅಸಡ್ಡೆಯಿಂದ ಬಂದದ್ದಲ್ಲ. ಪಾಲಿಸ್ಟೈರೀನ್ ಸುಮಾರು 200 ಡಿಗ್ರಿಯಲ್ಲಿ ಗಟ್ಟಿ ಪಾಕದಂತೆ ಹರಿಯುತ್ತದೆ. ಅಚ್ಚಿನ ತಣ್ಣಗಿನ ಉಕ್ಕು ತಾಗಿದೊಡನೆ ಹೆಪ್ಪುಗಟ್ಟತೊಡಗುತ್ತದೆ. ಸಂದು ತೀರಾ ಕಿರಿದಾದರೆ ತುದಿ ಮುಟ್ಟುವ ಮೊದಲೇ ಹರಿವು ನಿಂತುಹೋಗಿ ರೆಕ್ಕೆ ಅರ್ಧಕ್ಕೆ ಮುಗಿಯುತ್ತದೆ. ದಪ್ಪ ಹೆಚ್ಚಾದರೂ ತೊಂದರೆಯೇ: ತಣಿಯುವಾಗ ಪ್ಲಾಸ್ಟಿಕ್ ಕುಗ್ಗಿ ದಪ್ಪ ಜಾಗದ ಹೊರಮೈಯಲ್ಲಿ ಕುಳಿ ಬೀಳುತ್ತದೆ. ಒಳಗೋಡೆಗೆ ಪಟ್ಟಿಗಳನ್ನೂ ಪೆಟ್ಟಿಗೆಗಳನ್ನೂ ಸೇರಿಸಿ ಎರಕ ಹೊಯ್ದರೆ ಅವುಗಳ ನೇರಕ್ಕೆ ಹೊರಗಡೆ ಕುಳಿಗಳ ಸಾಲು ಮೂಡುವ ಅಪಾಯವಿತ್ತು. ಅಚ್ಚು ಎರಡು ಭಾಗವಾಗಿ ತೆರೆದುಕೊಳ್ಳಬೇಕಾದ್ದರಿಂದ ಒಳಮುಖವಾಗಿ ಬಾಗಿದ ಯಾವ ಆಕಾರವೂ ಸಿಕ್ಕಿಹಾಕಿಕೊಳ್ಳುತ್ತದೆ. ಒಳಾಂಗಣ ಬೇಕಾದರೆ ಅದಕ್ಕೆ ಪ್ರತ್ಯೇಕ ಬಿಡಿಭಾಗಗಳು ಬೇಕು, ಅವಕ್ಕೆ ಅಚ್ಚಿನಲ್ಲಿ ಜಾಗ ಬೇಕು. ಎರಡು ಶಿಲ್ಲಿಂಗಿನ ಲೆಕ್ಕಾಚಾರದಲ್ಲಿ ಅದು ಕೂರುವುದಿಲ್ಲ.

ಹಳೆಯ ಕಿಟ್‌ಗಳ ಮೈಮೇಲೆ ಸಾಸಿವೆಯಂತೆ ಎದ್ದು ನಿಂತ ರಿವೆಟ್‌ಗಳಿಗೂ ಕಾರಣ ಅಚ್ಚೇ. ಉಕ್ಕಿನ ಅಚ್ಚಿನಲ್ಲಿ ಒಂದು ಗುಳಿ ತೋಡುವುದು ಸುಲಭ; ಆ ಗುಳಿ ಪ್ಲಾಸ್ಟಿಕ್‌ನಲ್ಲಿ ಗುಬ್ಬಿಯಾಗಿ ಮೂಡುತ್ತದೆ. ಗೀರು ಎಳೆದರೆ ಏಣು ಬರುತ್ತದೆ. ಪ್ಲಾಸ್ಟಿಕ್‌ನಲ್ಲಿ ಗೀರು ಬೇಕೆಂದರೆ ಅಚ್ಚಿನಲ್ಲಿ ಏಣು ಬಿಟ್ಟು ಸುತ್ತಲಿನ ಉಕ್ಕನ್ನೆಲ್ಲ ಕೆತ್ತಬೇಕು. ಅದಕ್ಕೇ ಆ ಕಾಲದ ಕಿಟ್‌ಗಳಲ್ಲಿ ಎಲ್ಲವೂ ಉಬ್ಬು. ಒಂದು ಗುಬ್ಬಿ 0.3 ಮಿ.ಮೀ. ಅಗಲವಿದ್ದರೂ ನಿಜದಲ್ಲಿ ಎರಡು ಸೆಂಟಿಮೀಟರ್ ಅಗಲದ ರಿವೆಟ್ ಆಯಿತು. ಸ್ಪಿಟ್‌ಫೈರ್ ತಯಾರಿಸಿದ ಸೂಪರ್‌ಮರೀನ್ ಎಂಜಿನಿಯರುಗಳು ಇದಕ್ಕೆ ಸರಿಯಾಗಿ ತಿರುವುಮುರುವಾದ ಒಂದು ಪ್ರಯೋಗ ಮಾಡಿದ್ದರು. ನುಣುಪಾಗಿ ತಲೆ ಅಡಗಿಸಿದ ರಿವೆಟ್ ಹೊಡೆಯುವುದು ದುಬಾರಿ, ನಿಧಾನ. ಎಲ್ಲೆಲ್ಲಿ ಗುಂಡುತಲೆಯ ಅಗ್ಗದ ರಿವೆಟ್ ನಡೆಯುತ್ತದೆ ಎಂದು ತಿಳಿಯಬೇಕಿತ್ತು. ಒಡೆದ ಬಟಾಣಿ ಬೇಳೆಯನ್ನು ನುಣುಪು ರಿವೆಟ್‌ಗಳ ಮೇಲೆ ಒಂದೊಂದಾಗಿ ಅಂಟಿಸಿ ವಿಮಾನ ಹಾರಿಸಿದರು, ಆಮೇಲೆ ಸಾಲುಸಾಲಾಗಿ ಕಿತ್ತು ಮತ್ತೆ ಮತ್ತೆ ಹಾರಿಸಿ ವೇಗ ಅಳೆದರು. ಮೈತುಂಬ ಬೇಳೆಯಿದ್ದಾಗ ವೇಗ ಗಂಟೆಗೆ 20 ಮೈಲಿಗೂ ಹೆಚ್ಚು ಕುಸಿಯಿತು. ಮೈಗೆ ಒತ್ತಿ ಹರಿಯುವ ತೆಳು ಗಾಳಿಪದರಕ್ಕೆ ಬೇಳೆಯಷ್ಟು ಉಬ್ಬು ಕೂಡ ದೊಡ್ಡ ಅಡ್ಡಿ. ಕಿಟ್‌ನ ಗುಬ್ಬಿಗಳನ್ನು ಉಜ್ಜಿ ತೆಗೆಯುವಾಗ ನನಗೆ ಈ ಪ್ರಯೋಗ ನೆನಪಾಗುತ್ತದೆ. ಇಷ್ಟು ಅಗ್ಗದ, ಇಷ್ಟು ಸ್ಪಷ್ಟ ಉತ್ತರ ಕೊಟ್ಟ ವಾಯುಯಾನ ಪ್ರಯೋಗ ಇನ್ನೊಂದು ನನಗೆ ಗೊತ್ತಿಲ್ಲ.

ಒಳಾಂಗಣಕ್ಕೆ ಕೈ ಹಾಕುವ ಮೊದಲು ಒಂದು ತೀರ್ಮಾನವಾಗಬೇಕು: ಇದು ಯಾವ ಸ್ಪಿಟ್‌ಫೈರ್? 1936ರ ಮಾರ್ಚ್ 5ರಂದು ಮೊದಲು ಹಾರಿದ ಆರ್.ಜೆ. ಮಿಚೆಲ್‌ರ ವಿನ್ಯಾಸ ಯುದ್ಧ ಮುಗಿಯುವ ಹೊತ್ತಿಗೆ ಇಪ್ಪತ್ತಕ್ಕೂ ಹೆಚ್ಚು ರೂಪ ತಾಳಿತ್ತು, ಕಾಕ್‌ಪಿಟ್ಟೂ ಅದರ ಜೊತೆಗೆ ಬದಲಾಗುತ್ತ ಹೋಯಿತು. ನಾನು ಆರಿಸಿಕೊಂಡದ್ದು ಬ್ರಿಟಿಷ್ ವಾಯುಪಡೆಯ 129ನೇ ಸ್ಕ್ವಾಡ್ರನ್ನಿನ ವಿಮಾನ. ಅದರ ಪೂರ್ಣ ಹೆಸರು 129 ಮೈಸೂರು ಸ್ಕ್ವಾಡ್ರನ್. ಮೈಸೂರು ಸಂಸ್ಥಾನ ಯುದ್ಧನಿಧಿಗೆ ಕೊಟ್ಟ ಹಣದ ಗುರುತಾಗಿ ಬಂದ ಹೆಸರು ಅದು. 1941ರ ಜೂನ್‌ನಲ್ಲಿ ಯಾರ್ಕ್‌ಷೈರ್‌ನ ಲೆಕನ್‌ಫೀಲ್ಡ್‌ನಲ್ಲಿ ಸ್ಪಿಟ್‌ಫೈರ್‌ಗಳೊಂದಿಗೆ ಈ ತುಕಡಿ ಮತ್ತೆ ಕಟ್ಟಲ್ಪಟ್ಟಿತು. 1943ರಲ್ಲಿ ಮಾರ್ಕ್ 9 ಅದರ ಕೈ ಸೇರಿತು. ವಿಮಾನದ ಬದಿಯಲ್ಲಿ ಡಿ, ವಿ ಎಂಬ ಎರಡು ಅಕ್ಷರ. ಸ್ಕ್ವಾಡ್ರನ್ನಿನ ಲಾಂಛನದಲ್ಲಿ ಇದ್ದದ್ದು ನಮ್ಮ ಗಂಡಭೇರುಂಡ. ಇಂಗ್ಲಿಷ್ ಕಾಲುವೆಯ ಮೇಲೆ ಕಾದಾಡಿದ ಒಂದು ಪಡೆಯ ಗುರುತಾಗಿ ಎರಡು ತಲೆಯ ಆ ಹಕ್ಕಿ ಇತ್ತೆಂಬುದು ಇಲ್ಲಿ ಇನ್ನೂ ಹೆಚ್ಚು ಜನಕ್ಕೆ ತಿಳಿಯಬೇಕಾದ ಸಂಗತಿ.

ಕಾಕ್‌ಪಿಟ್‌ನ ಮಾಹಿತಿಗೆ ಅತ್ಯುತ್ತಮ ಆಧಾರ ಬ್ರಿಟಿಷ್ ವಾಯು ಸಚಿವಾಲಯ ಪೈಲಟ್‌ಗಳಿಗಾಗಿ ಅಚ್ಚು ಹಾಕಿಸಿದ ಕೈಪಿಡಿ, ಎ.ಪಿ. 1565 ಸರಣಿಯದು. ಒಳಗಿನ ಪ್ರತಿಯೊಂದು ಗುಂಡಿಗೂ ಹಿಡಿಕೆಗೂ ಅಂಕಿ ಹಾಕಿದ ಚಿತ್ರಗಳು ಅದರಲ್ಲಿವೆ. ವಸ್ತುಸಂಗ್ರಹಾಲಯದ ವಿಮಾನಗಳನ್ನು ತುಸು ಎಚ್ಚರದಿಂದ ನೋಡಬೇಕು; ದಶಕಗಳಲ್ಲಿ ಹಲವರು ಬಣ್ಣ ಬಳಿದು, ಕಳೆದುಹೋದ ಉಪಕರಣಕ್ಕೆ ಬೇರೊಂದು ವಿಮಾನದ್ದನ್ನು ತಂದು ಕೂರಿಸಿರುತ್ತಾರೆ.

ಚಿತ್ರಗಳನ್ನು ನೋಡುತ್ತ ಹೋದಂತೆ ಮೊದಲು ಎದುರಾಗುವ ಅಚ್ಚರಿ: ಸ್ಪಿಟ್‌ಫೈರ್‌ಗೆ ನೆಲವೇ ಇಲ್ಲ. ಪೆಡಲಿನ ಹಿಂದೆ ಹಿಮ್ಮಡಿ ಊರಲು ಎರಡು ಕಿರಿದಾದ ದೋಣಿಗಳು, ಅಷ್ಟೇ. ಉಳಿದಲ್ಲಿ ಕಣ್ಣು ನೇರ ವಿಮಾನದ ಹೊಟ್ಟೆಗೆ ಇಳಿಯುತ್ತದೆ. ಅಲ್ಲಿ ಕೊಳವೆ, ತಂತಿ, ಸರಪಳಿ. ಪೈಲಟ್ ಕೈಯಿಂದ ಜಾರಿದ ಪೆನ್ಸಿಲ್ ಮತ್ತೆ ಸಿಗುತ್ತಿದ್ದುದು ವಿಮಾನ ಕೆಳಗಿಳಿದ ಮೇಲೆ. ಹಲವು ಕಿಟ್‌ಗಳು ಇಲ್ಲಿ ಒಂದು ಚಪ್ಪಟೆ ಹಲಗೆ ಹಾಕಿ ಮುಗಿಸುತ್ತವೆ. ಕೈಯಾರೆ ಕಟ್ಟುವವನಿಗೆ ಆ ಹಲಗೆ ಬೇಡ. ಎರಡು ದೋಣಿ, ಅವುಗಳ ಕೆಳಗೆ ಆಳ ಬೇಕು. ಪಾಲಿಸ್ಟೈರೀನ್ ಹಾಳೆಯಿಂದ ಕತ್ತರಿಸಿದ ಚೌಕಟ್ಟುಗಳನ್ನು ಒಡಲಿನ ಒಳಗೋಡೆಗೆ ಪಕ್ಕೆಲುಬಿನಂತೆ ಅಂಟಿಸಿ, ಅವುಗಳ ಆಧಾರದ ಮೇಲೆ ಉಳಿದದ್ದನ್ನು ತೂಗುಹಾಕುತ್ತ ಬಂದರೆ ನಿಜವಾದ ವಿಮಾನ ಕಟ್ಟಿದ ಕ್ರಮವೇ ಕೈಗೆ ಹತ್ತುತ್ತದೆ.

ಅಂಟಿನ ಬಗ್ಗೆ ಒಂದು ಮಾತು. ಪಾಲಿಸ್ಟೈರೀನ್‌ಗೆ ಹಾಕುವುದು ಅಂಟಲ್ಲ, ದ್ರಾವಕ. ಪ್ಲಾಸ್ಟಿಕ್‌ನ ಉದ್ದುದ್ದ ಅಣುಗಳು ಬೇಯಿಸಿದ ಶಾವಿಗೆಯಂತೆ ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ. ದ್ರಾವಕ ತಾಗಿದಾಗ ಎರಡೂ ಮೈಗಳ ಅಣುಗಳು ಸಡಿಲಗೊಂಡು ಗಡಿ ದಾಟಿ ಬೆರೆಯುತ್ತವೆ. ದ್ರಾವಕ ಆವಿಯಾದ ಮೇಲೆ ಎರಡು ತುಂಡುಗಳ ನಡುವೆ ಗಡಿಯೇ ಉಳಿದಿರುವುದಿಲ್ಲ, ಅದು ಬೆಸುಗೆ. ಬಣ್ಣ ಬಳಿದ ಮೈಗಳು ಹೀಗೆ ಕೂಡಿಕೊಳ್ಳದಿರುವುದು ಇದರಿಂದಲೇ. ದ್ರಾವಕವನ್ನು ಸವರುವುದೂ ಬೇಡ. ಎರಡು ತುಂಡು ಒತ್ತಿ ಹಿಡಿದು ಕುಂಚದ ತುದಿಯನ್ನು ಸಂದಿಗೆ ತಾಗಿಸಿದರೆ ದ್ರವ ತಾನೇ ಉದ್ದಕ್ಕೂ ಓಡಿಹೋಗುತ್ತದೆ. ಎರಡು ಮೂರು ಮಿಲಿಮೀಟರಿಗಿಂತ ಕಿರಿದಾದ ಲೋಕದಲ್ಲಿ ದ್ರವಗಳ ಮೇಲೆ ಗುರುತ್ವಕ್ಕಿಂತ ಮೇಲ್ಮೈ ಸೆಳೆತದ ಅಧಿಕಾರ ಹೆಚ್ಚು. ಮಾದರಿಯ ಕಾಕ್‌ಪಿಟ್ ಪೂರ್ತಿ ಆ ಲೋಕದ್ದು.

ಸೀಟಿಗೆ ಬರೋಣ. ಖಾಲಿ ಸೀಟನ್ನು ಚಿತ್ರದಲ್ಲಿ ಕಂಡವರಿಗೆ ಅದು ಕುಳಿತುಕೊಳ್ಳಲು ಮಾಡಿದ್ದೆಂದೇ ಅನಿಸುವುದಿಲ್ಲ, ಆಳವಾದ ಬಟ್ಟಲು. ಆ ಆಳ ಪ್ಯಾರಾಚೂಟ್‌ನದು. ಪೈಲಟ್ ತನ್ನ ಪ್ಯಾರಾಚೂಟನ್ನು ಸೊಂಟದ ಕೆಳಗೆ ಕಟ್ಟಿಕೊಂಡು ಬಂದು ಅದರ ಮೇಲೆಯೇ ಕೂರುತ್ತಿದ್ದ, ಅದೇ ಅವನ ಮೆತ್ತೆ. ಮೊದಲ ಸೀಟುಗಳು ಅಲ್ಯೂಮಿನಿಯಂನವು, ಆಮೇಲಿನವು ರಾಳ ಹೀರಿಸಿ ಒತ್ತಿದ ಬೇಕಲೈಟ್ ಜಾತಿಯ ವಸ್ತುವಿನವು. ಅವುಗಳ ಕೆಂಗಂದು ಬಣ್ಣ ಬೂದುಹಸಿರು ಕಾಕ್‌ಪಿಟ್‌ನಲ್ಲಿ ತಟ್ಟನೆ ಎದ್ದು ಕಾಣುತ್ತದೆ. ಕಾಲು ಮಿಲಿಮೀಟರ್ ಹಾಳೆಯಿಂದ ಸೀಟು ಮಾಡಿದರೂ ಅದರ ಗೋಡೆ ನಿಜದಲ್ಲಿ 18 ಮಿ.ಮೀ. ದಪ್ಪವಾಯಿತು. ಹಾಗಾಗಿ ನಾನು ತೆಳು ಲೋಹದ ಹಾಳೆಯನ್ನು ಮರದ ಅಚ್ಚಿನ ಮೇಲೆ ಒತ್ತಿ ಬಟ್ಟಲು ಮಾಡುತ್ತೇನೆ.

ಸೀಟಿನ ಪಟ್ಟಿಗಳಲ್ಲಿ ಅಡಗಿರುವ ಭೌತವಿಜ್ಞಾನ ನನಗೆ ಬಹಳ ಇಷ್ಟ. ನಿಜವಾದ ಪಟ್ಟಿ ದಪ್ಪ ಕ್ಯಾನ್ವಾಸ್. ಬಿಟ್ಟರೆ ತನ್ನ ತೂಕಕ್ಕೆ ತಾನೇ ಜೋತುಬಿದ್ದು ಸೀಟಿನ ಅಂಚಿನ ಮೇಲೆ ಮಡಿಚಿಕೊಳ್ಳುತ್ತದೆ. ಅದನ್ನೇ ಅಳತೆಗೆ ಸರಿಯಾಗಿ ಕಾಗದದಲ್ಲಿ ಕತ್ತರಿಸಿ ಹಾಕಿದರೆ ರಟ್ಟಿನಂತೆ ಸೆಟೆದು ನಿಲ್ಲುತ್ತದೆ. ಕಾಗದ ಗಟ್ಟಿಯೆಂದಲ್ಲ. ಒಂದು ಪಟ್ಟಿ ತನ್ನ ತೂಕಕ್ಕೆ ಎಷ್ಟು ಬಾಗುತ್ತದೆ ಎಂಬುದು ಉದ್ದದ ನಾಲ್ಕನೇ ಘಾತಕ್ಕೆ ತಕ್ಕಂತೆ ಹೆಚ್ಚುತ್ತದೆ, ದಪ್ಪದ ವರ್ಗಕ್ಕೆ ತಕ್ಕಂತೆ ತಗ್ಗುತ್ತದೆ. ಎಲ್ಲ ಅಳತೆಯನ್ನೂ 72 ಪಾಲು ಕುಗ್ಗಿಸಿ ಲೆಕ್ಕ ಹಾಕಿದರೆ, ಉದ್ದಕ್ಕೆ ಹೋಲಿಸಿದ ಬಾಗು 72 ಪಟ್ಟು ಕಡಿಮೆ. ಅದೇ ವಸ್ತು, ಅದೇ ಆಕಾರ. ಜೋತುಬೀಳುವ ಗುಣ ಮಾತ್ರ ಹೋಯಿತು. ಆದ್ದರಿಂದ ಬಾಗಿಸಿದಲ್ಲೇ ನಿಲ್ಲುವ ಮೆತ್ತನೆ ಲೋಹ ಬೇಕು. ಸೀಸದ ಅಥವಾ ತವರದ ತೆಳುಹಾಳೆಯನ್ನು ಮುಕ್ಕಾಲು ಮಿಲಿಮೀಟರ್ ಅಗಲಕ್ಕೆ ಸೀಳಿ, ಚಿಮಟದಿಂದ ಒತ್ತಿ ಒತ್ತಿ ಬಟ್ಟೆಯ ಸೋಮಾರಿತನ ತರಬೇಕಾಗುತ್ತದೆ. ಸೀಸ ಮುಟ್ಟಿದ ಕೈಯನ್ನು ತೊಳೆಯದೆ ತಿಂಡಿಗೆ ಹೋಗಬಾರದು.

ಮುಂದೆ ಹಿಡಿಕೋಲು. ಅದರ ತುದಿಯ ಬಳೆಯಂಥ ಹಿಡಿಕೆ ಎಲ್ಲರಿಗೂ ಚಿತ್ರಗಳಿಂದ ಪರಿಚಿತ. ಗನ್ನಿನ ಗುಂಡಿ, ಗಾಳಿ ಒತ್ತಡದ ಬ್ರೇಕಿನ ಸನ್ನೆ ಎರಡೂ ಅದರ ಮೇಲಿವೆ. ಕೋಲಿನ ನಡುವೆ ಒಂದು ಕೀಲಿದೆ, ಅದನ್ನು ಗಮನಿಸುವವರು ಕಡಿಮೆ. ಸಾಮಾನ್ಯವಾಗಿ ವಿಮಾನದ ಹಿಡಿಕೋಲು ಬುಡದಿಂದಲೇ ನಾಲ್ಕೂ ದಿಕ್ಕಿಗೆ ವಾಲುತ್ತದೆ. ಸ್ಪಿಟ್‌ಫೈರ್‌ನಲ್ಲಿ ಇಡೀ ಕೋಲು ಹಿಂದೆ ಮುಂದೆ ಮಾತ್ರ ಚಲಿಸುತ್ತದೆ. ಎಡಬಲಕ್ಕೆ ವಾಲುವುದು ಕೀಲಿನ ಮೇಲಿನ ಭಾಗವಷ್ಟೇ. ಕಾಕ್‌ಪಿಟ್ ಎಷ್ಟು ಕಿರಿದೆಂದರೆ ಕೋಲು ಬುಡದಿಂದ ವಾಲಿದ್ದರೆ ಪೈಲಟ್‌ನ ತೊಡೆಗೆ ಬಡಿಯುತ್ತಿತ್ತು. ವೇಗಕ್ಕಾಗಿ ಒಡಲನ್ನು ಸಣ್ಣಗೆ ಮಾಡಿದ ನಿರ್ಧಾರ ಹೀಗೆ ಒಂದು ಕೀಲಿನವರೆಗೂ ಬಂದು ಮುಟ್ಟಿದೆ. ಆ ಕೀಲನ್ನು ನಾನು ತೋರಿಸದೆ ಬಿಡುವುದಿಲ್ಲ, ಕೋಲಿನ ಒಟ್ಟು ಎತ್ತರ ಒಂದು ಸೆಂಟಿಮೀಟರ್ ದಾಟದಿದ್ದರೂ.

ಪೆಡಲುಗಳು ಎರಡು ಮೆಟ್ಟಿಲಿನವು. ಸಾಧಾರಣ ಹಾರಾಟಕ್ಕೆ ಕೆಳಗಿನದು, ಕಾದಾಟಕ್ಕೆ ಮೇಲಿನದು. ಕಾಲನ್ನು ಸುಮಾರು ಹದಿನೈದು ಸೆಂಟಿಮೀಟರ್ ಎತ್ತಿ ಇಟ್ಟರೆ ಕಾದಾಟದಲ್ಲಿ ಏನು ಲಾಭ? ಉತ್ತರ ರಕ್ತದಲ್ಲಿದೆ. ಹೃದಯದಿಂದ ಕಣ್ಣಿಗೆ ಸುಮಾರು 30 ಸೆಂಟಿಮೀಟರ್ ಎತ್ತರ. ಅಷ್ಟು ಎತ್ತರದ ರಕ್ತದ ಕಂಬವನ್ನು ಮೇಲೆತ್ತಲು ಪಾದರಸದ ಅಳತೆಯಲ್ಲಿ 23 ಮಿಲಿಮೀಟರ್ ಒತ್ತಡ ಬೇಕು. ಹೃದಯ 120ರ ಆಸುಪಾಸಿನಲ್ಲಿ ದೂಡುವುದರಿಂದ ಕಣ್ಣಿಗೆ ಧಾರಾಳ ಉಳಿಯುತ್ತದೆ. ವಿಮಾನ ಬಿರುಸಾಗಿ ತಿರುಗಿ ಎಲ್ಲದರ ತೂಕ ಐದು ಪಟ್ಟಾಯಿತೆನ್ನಿ. ರಕ್ತದ ತೂಕವೂ ಐದು ಪಟ್ಟು. ಬೇಕಾದ ಒತ್ತಡ 115. ಹೃದಯದ ಬಲವೆಲ್ಲ ಅಲ್ಲಿಗೇ ಮುಗಿಯಿತು. ಕಣ್ಣುಗುಡ್ಡೆಯೊಳಗೆ ಅದರದ್ದೇ ಆದ ಒತ್ತಡವಿರುವುದರಿಂದ ರಕ್ತ ಮೊದಲು ನಿಲ್ಲುವುದು ರೆಟಿನಾದಲ್ಲಿ: ಬಣ್ಣ ಮಾಸಿ, ಅಂಚುಗಳಿಂದ ಕತ್ತಲೆ ಕವಿಯುತ್ತದೆ, ಪ್ರಜ್ಞೆ ಇನ್ನೂ ಇರುತ್ತದೆ. ಇನ್ನೊಂದೆಡೆ ಕಾಲುಗಳ ಸಿರೆಗಳಲ್ಲಿ ರಕ್ತ ಮಡುಗಟ್ಟಿ ಹೃದಯಕ್ಕೆ ಮರಳುವುದೇ ಕಡಿಮೆಯಾಗುತ್ತದೆ. ಕಾಲು ಎತ್ತಿಟ್ಟರೆ ಆ ಮಡು ಸ್ವಲ್ಪ ತಗ್ಗಿ, ಕಣ್ಣು ಕತ್ತಲೆಗೆ ಜಾರುವುದು ತುಸು ತಡವಾಗುತ್ತದೆ. ಎದುರಾಳಿಗಿಂತ ಒಂದು ಕ್ಷಣ ಹೆಚ್ಚು ಕಣ್ಣು ಕಾಣಬೇಕು, ಅಷ್ಟಕ್ಕಾಗಿ ಆ ಎರಡನೇ ಮೆಟ್ಟಿಲು. ಮಾದರಿಯಲ್ಲಿ ಅದು ಎರಡು ಮಿಲಿಮೀಟರ್ ಮೇಲಿನ ಒಂದು ಗೀಟು. ತಲೆಯ ಮೇಲಿನ ಪಾರದರ್ಶಕ ಹೊದಿಕೆ ಮುಚ್ಚಿದ ಮೇಲೆ ಕಾಣುವುದೂ ಕಷ್ಟ. ಆದರೂ ಅದನ್ನು ಮಾಡಬೇಕು ಎಂಬುದು ನನ್ನ ಪಟ್ಟು, ಏಕೆಂದರೆ ಇಡೀ ಕಾಕ್‌ಪಿಟ್‌ನಲ್ಲಿ ಮನುಷ್ಯನ ಮೈಯ ಮಿತಿಯನ್ನು ಇಷ್ಟು ನೇರವಾಗಿ ಒಪ್ಪಿಕೊಂಡ ಭಾಗ ಬೇರೊಂದಿಲ್ಲ.

ಬಲಗೋಡೆಯಲ್ಲಿ ಗಾಲಿ ಮಡಿಸುವ ಹಿಡಿಕೆ. ಮೊದಲ ಸ್ಪಿಟ್‌ಫೈರ್‌ಗಳಲ್ಲಿ ಇಲ್ಲಿ ಕೈಪಂಪೇ ಇತ್ತು. ನೆಲ ಬಿಟ್ಟೊಡನೆ ಪೈಲಟ್ ಹಿಡಿಕೋಲನ್ನು ಎಡಗೈಗೆ ಬದಲಿಸಿ ಬಲಗೈಯಿಂದ ಪಂಪು ಒತ್ತಬೇಕು. ಪ್ರತಿ ಒತ್ತಿಗೂ ಎಡಗೈ ಅರಿವಿಲ್ಲದೆ ಅಲುಗಿ ವಿಮಾನ ಮೇಲೆ ಕೆಳಗೆ ತೊನೆಯುತ್ತ ಏರುತ್ತಿತ್ತು. ನನ್ನ ಮಾರ್ಕ್ 9ರಲ್ಲಿ ಎಂಜಿನ್ನಿನಿಂದಲೇ ಓಡುವ ಪಂಪು ಬಂದಿದ್ದರಿಂದ ಬರೀ ಹಿಡಿಕೆ ಸಾಕು.

ಎದುರಿನ ಫಲಕದ ನಡುವೆ ಆರು ಮುಖ್ಯ ಮೀಟರುಗಳು. ಮೇಲಿನ ಸಾಲಿನಲ್ಲಿ ವೇಗ, ಕೃತಕ ದಿಗಂತ, ಏರಿಳಿತದ ದರ; ಕೆಳಗೆ ಎತ್ತರ, ದಿಕ್ಕು, ತಿರುವು. ಮೋಡದೊಳಗೆ ಹೊರಗೇನೂ ಕಾಣದಾಗ ನಂಬಬೇಕಾದ ಆರು. ಇವುಗಳ ಕ್ರಮ ಸ್ಪಿಟ್‌ಫೈರ್‌ನಲ್ಲೂ ಹರಿಕೇನ್‌ನಲ್ಲೂ ನಾಲ್ಕು ಎಂಜಿನ್ನಿನ ಲ್ಯಾಂಕಾಸ್ಟರ್‌ನಲ್ಲೂ ಒಂದೇ. ವಿಮಾನ ಬದಲಾದರೂ ಕಣ್ಣು ಹುಡುಕಬೇಕಾಗಿಲ್ಲ. ಎಂಜಿನ್ನಿನ ನಡುಕ ತಾಗದಿರಲೆಂದು ಈ ಆರರ ಹಲಗೆಯನ್ನು ಬೇರೆಯಾಗಿ ರಬ್ಬರಿನ ಮೇಲೆ ಕೂರಿಸಿದ್ದರು. ಮಾದರಿಯಲ್ಲಿಯೂ ಅದು ಬೇರೆ ತುಂಡಾಗಿ ಮುಂದೆ ಚಾಚಿರಬೇಕು. ಫಲಕದ ಮುಂದುಗಡೆ, ಎಂಜಿನ್ನಿಗೂ ಪೈಲಟ್‌ಗೂ ನಡುವೆ, ಒಟ್ಟು 85 ಗ್ಯಾಲನ್ ಪೆಟ್ರೋಲಿನ ಟ್ಯಾಂಕುಗಳು. ಹೆಚ್ಚುಕಡಿಮೆ 386 ಲೀಟರ್. ಗುಂಡು ತಾಗಿ ಬೆಂಕಿ ಹೊತ್ತಿಕೊಂಡಾಗ ಅದು ನೇರ ಬರುತ್ತಿದ್ದುದು ಪೈಲಟ್‌ನ ಮುಖಕ್ಕೆ, ಕೈಗೆ. ಫಲಕದ ಹಿಂದೆ ಆ ಟ್ಯಾಂಕುಗಳ ಗೋಡೆಯನ್ನು ಕತ್ತರಿಸಿ ಹಾಕುವಾಗ ಕೈ ತಾನಾಗಿ ನಿಧಾನವಾಗುತ್ತದೆ.

ಮೀಟರುಗಳ ಮುಳ್ಳು, ಅಂಕಿ ಎಲ್ಲವನ್ನೂ ಬರೆಯಬೇಕೆ? ಇದಕ್ಕೆ ಕಣ್ಣೇ ಉತ್ತರ ಹೇಳುತ್ತದೆ. ಆರೋಗ್ಯವಂತ ಕಣ್ಣು ಎರಡು ಚುಕ್ಕಿಗಳನ್ನು ಬೇರೆ ಬೇರೆ ಎಂದು ಗುರುತಿಸುವ ಕನಿಷ್ಠ ಕೋನ ಸುಮಾರು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. 30 ಸೆಂಟಿಮೀಟರ್ ದೂರದಲ್ಲಿ ಇದು 0.09 ಮಿ.ಮೀ. 72ರಿಂದ ಗುಣಿಸಿದರೆ ನಿಜ ವಿಮಾನದ ಆರು ಮಿಲಿಮೀಟರ್. ಅದಕ್ಕಿಂತ ಸಣ್ಣ ವಿವರ ಬಿಡಿಬಿಡಿಯಾಗಿ ಕಾಣುವುದಿಲ್ಲ. ಮೀಟರಿನ ಅಂಕಿಗಳು ಈ ಗಡಿಯ ಕೆಳಗಿವೆ; ಒಂದು ಮಿಲಿಮೀಟರ್ ಕರಿವೃತ್ತದೊಳಗೆ ಬಿಳಿಯ ಒಂದೆರಡು ಕಣ ಸಾಕು. ಒಂಟಿ ಗೆರೆಯ ನ್ಯಾಯ ಬೇರೆ. ಬೇರೆ ಬಣ್ಣದ ಹಿನ್ನೆಲೆಯಿದ್ದರೆ ಗಡಿಗಿಂತ ತೆಳುವಾದ ಎಳೆಯನ್ನೂ ಕಣ್ಣು ಹಿಡಿಯುತ್ತದೆ. ಹಾಗಾಗಿ ಕೊಳವೆ, ತಂತಿಗಳನ್ನು ಬಿಡುವಂತಿಲ್ಲ.

ಆ ಎಳೆಗಳನ್ನು ಕಿಟ್‌ನ ಕಸದಿಂದಲೇ ಪಡೆಯಬಹುದು. ಬಿಡಿಭಾಗಗಳನ್ನು ಹಿಡಿದಿಟ್ಟ ಚೌಕಟ್ಟಿನ ಕಡ್ಡಿಗೆ ಸ್ಪ್ರೂ ಎನ್ನುತ್ತಾರೆ. ಅದನ್ನು ಮೇಣದಬತ್ತಿಯ ಜ್ವಾಲೆಯ ಮೇಲೆ, ತಾಗಿಸದೆ, ಹೊರಳಿಸುತ್ತಿದ್ದರೆ ನೂರು ಡಿಗ್ರಿ ದಾಟಿದೊಡನೆ ಗಾಜಿನಂಥ ಬಿಗುವು ಬಿಟ್ಟು ಮೆತ್ತಗಾಗುತ್ತದೆ. ಜ್ವಾಲೆಯಿಂದ ಸರಿಸಿ ಎರಡು ಕೈಯಿಂದ ಎಳೆದರೆ ಎಳೆ. ಮೆಲ್ಲಗೆ ಎಳೆದರೆ ದಪ್ಪ, ಬಿರುಸಾಗಿ ಎಳೆದರೆ ಕೂದಲು. ಒಟ್ಟು ಗಾತ್ರ ಬದಲಾಗದಿರುವುದರಿಂದ ಮೂರು ಮಿಲಿಮೀಟರ್ ಕಡ್ಡಿ 0.1 ಮಿಲಿಮೀಟರ್ ಎಳೆಯಾಗಬೇಕಾದರೆ ಉದ್ದ 900 ಪಟ್ಟಾಗಬೇಕು. ಒಂದು ಸೆಂಟಿಮೀಟರ್ ಕಡ್ಡಿಯಲ್ಲಿ ಲೆಕ್ಕದ ಪ್ರಕಾರ ಒಂಬತ್ತು ಮೀಟರ್ ಎಳೆ ಇದೆ. 0.1 ಮಿ.ಮೀ. ಎಂದರೆ ನಿಜದ ಏಳು ಮಿಲಿಮೀಟರ್ ಕೊಳವೆ. ಬ್ರೇಕಿಗೆ ಗಾಳಿ ಒಯ್ಯುವ ಕೊಳವೆಗೆ ಒಪ್ಪುವ ಅಳತೆ.

ಬಣ್ಣ ಒಳಗಡೆ ಬೂದುಹಸಿರು. ಮಾದರಿ ಕಟ್ಟುವವರಲ್ಲಿ ಒಂದು ಹಳೆಯ ನಂಬಿಕೆಯಿದೆ: ದೂರದ ವಸ್ತು ಗಾಳಿಯ ಮಂಜಿನಿಂದ ಮಾಸಿ ಕಾಣುತ್ತದೆ, ಆದ್ದರಿಂದ ಮಾದರಿಗೆ ತಿಳಿಯಾದ ಬಣ್ಣ ಹಚ್ಚಬೇಕು. ಕಾರಣ ನನಗೆ ಒಪ್ಪಿಗೆಯಿಲ್ಲ. ಮೂವತ್ತು ಸೆಂಟಿಮೀಟರಿನಿಂದ ನೋಡುವ ಮಾದರಿ 22 ಮೀಟರ್ ದೂರದ ವಿಮಾನಕ್ಕೆ ಸಮ. ಅಷ್ಟು ಗಾಳಿ ಶುಭ್ರ ದಿನದಲ್ಲಿ ಯಾವ ಬಣ್ಣವನ್ನೂ ಮಾಸಿಸುವುದಿಲ್ಲ. ತಿಳಿ ಬಣ್ಣ ಬೇಕಾಗುವುದು ಬೇರೆ ಕಾರಣಕ್ಕೆ. ಬಯಲಿನಲ್ಲಿ ನಿಂತ ವಿಮಾನದ ಕಾಕ್‌ಪಿಟ್‌ಗೆ ಇಡೀ ಆಕಾಶ ಬೆಳಕು ಸುರಿಯುತ್ತದೆ. ನಮ್ಮ ಮಾದರಿ ಇರುವುದು ಮನೆಯೊಳಗೆ ಒಂದು ದೀಪದ ಕೆಳಗೆ, ಅದರ ತೆರಪೂ ದಪ್ಪ ಗೋಡೆಗಳಿಂದ ಕಿರಿದಾಗಿದೆ. ಮೂಲ ಬಣ್ಣವನ್ನೇ ಬಳಿದರೆ ಇಷ್ಟೆಲ್ಲ ಮಾಡಿದ್ದು ಕತ್ತಲೆಯ ಗುಳಿಯಾಗಿ ಹೋಗುತ್ತದೆ. ಆದ್ದರಿಂದ ತಿಳಿ ಬಣ್ಣ ಹಚ್ಚಿ, ನೀರಾಗಿಸಿದ ಕಂದುಬಣ್ಣವನ್ನು ಮೂಲೆಗಳಿಗೆ ಬಿಟ್ಟು, ಏಣುಗಳ ಮೇಲೆ ಒಣ ಕುಂಚದಿಂದ ಇನ್ನೂ ತಿಳಿಯಾದ್ದನ್ನು ಸವರಿ, ಸಿಗದ ಬೆಳಕನ್ನು ಬಣ್ಣದಿಂದ ತಂದುಕೊಡಬೇಕು. ಬಣ್ಣದ ಪದರ ತೆಳ್ಳಗಿರಲಿ, 0.03 ಮಿ.ಮೀ. ಪದರವೂ ನಿಜದಲ್ಲಿ ಎರಡು ಮಿಲಿಮೀಟರ್ ಗಾರೆ.

ಕೊನೆಯಲ್ಲಿ ಕೆನಪಿ, ಪೈಲಟ್‌ನ ತಲೆಯ ಮೇಲಿನ ಪಾರದರ್ಶಕ ಹೊದಿಕೆ. ಕಿಟ್‌ನಲ್ಲಿ ಅದೂ ಒಂದು ಮಿಲಿಮೀಟರ್ ದಪ್ಪದ ಪಾಲಿಸ್ಟೈರೀನ್. ಬೆಳಕನ್ನು ಚೆನ್ನಾಗಿ ಬಾಗಿಸುವ ವಸ್ತು, ವಕ್ರೀಭವನ ಸೂಚ್ಯಂಕ 1.59. ದಪ್ಪವೂ ವಕ್ರತೆಯೂ ಸೇರಿ ಅದು ಮಸೂರದಂತೆ ವರ್ತಿಸಿ ಒಳಗಿನ ಗೆರೆಗಳನ್ನು ಕಲಕಿಬಿಡುತ್ತದೆ. ಹಾಗಾಗಿ ಜಾರುವ ಭಾಗವನ್ನು ಕತ್ತರಿಸಿ ತೆಗೆದು, ಅದೇ ಆಕಾರದ ಮರದ ಅಚ್ಚನ್ನು ಬಿಸಿ ಮಾಡಿದ ತೆಳು ಅಸಿಟೇಟ್ ಹಾಳೆಗೆ ಒತ್ತಿ ಹೊಸದನ್ನು ಮಾಡಿ, ಹಿಂದಕ್ಕೆ ಸರಿಸಿದಂತೆ ಕೂರಿಸುವುದು ಮೇಲು. ಅಂಟಿಸಲು ಬಿಳಿ ಗೋಂದೇ ಆಗಬೇಕು. ಕ್ಷಣದಲ್ಲಿ ಹಿಡಿಯುವ ಸೈಯನೊಅಕ್ರಿಲೇಟ್ ಹಾಕಿದರೆ ಅದರ ಆವಿ ಪಾರದರ್ಶಕ ಮೈಮೇಲೆ ಬೆಳ್ಳಗೆ ಕೂರುತ್ತದೆ. ಎದುರಿನ ಗಾಜನ್ನು ಮಾತ್ರ ನಾನು ಬದಲಿಸುವುದಿಲ್ಲ. ನಿಜ ವಿಮಾನದಲ್ಲಿ ಅದು ಗುಂಡು ತಡೆಯುವ ಪದರಗಾಜು, ಸುಮಾರು ಒಂದೂವರೆ ಇಂಚು ದಪ್ಪ. ಮಾದರಿಯಲ್ಲಿ ಅರ್ಧ ಮಿಲಿಮೀಟರ್. ಕಿಟ್‌ನ ಗಾಜನ್ನು ಅರ್ಧದಷ್ಟು ಉಜ್ಜಿ, ಮೆರುಗು ಕೊಟ್ಟರೆ ಅಳತೆ ಸರಿಹೋಗುತ್ತದೆ. 1960ರ ಆ ಅಚ್ಚಿನ ದಪ್ಪ ನಿಜಕ್ಕೆ ಇಷ್ಟು ಹತ್ತಿರ ಬರುವುದು ಇಡೀ ವಿಮಾನದಲ್ಲಿ ಇದೊಂದೇ ಜಾಗದಲ್ಲಿ.